ಎಲ್ಲರ ಹೊಟ್ಟೆಯೂ ಅಗಸ್ತ್ಯರ ಹೊಟ್ಟೆಯಲ್ಲ

ಹುನಗುಂದದಲ್ಲಿ ಸಂಬಂಧಿಕರ ಮನೆಯ ಕುಬಸ. ಪಂಕ್ತಿಯಲ್ಲಿ ನನ್ನ ಪಕ್ಕ ಅಕ್ಕ ಕೂತಿದ್ದಳು. ತೂಕ ಇಳಿಸೋಕೆ ಅವಳಿಗೆ ಹೊಟ್ಟೆಯ ಆಪರೇಷನ್ ಆಗಿ ಎಂಟು ತಿಂಗಳಾಗಿತ್ತು. ಎಲೆಯ ಮೇಲೆ ಎರಡು ಚಮಚ ಮಡಿಕೆಕಾಳು ಪಲ್ಯ, ಸ್ವಲ್ಪ ಮೊಸರು, ರೊಟ್ಟಿಯ ಒಂದು ಚೂರು. ಇಪ್ಪತ್ತು ನಿಮಿಷದಿಂದ ಅದನ್ನೇ ನಿಧಾನಕ್ಕೆ ಅಗಿಯುತ್ತಿದ್ದಳು. ಹೋಳಿಗೆ ಬುಟ್ಟಿ ಹಿಡಿದು ಬಂದ ದೊಡ್ಡವ್ವ ಅವಳ ಎದುರಿಗೇ ನಿಂತುಬಿಟ್ಟಳು.

"ಇದೇನವಾ, ಗುಬ್ಬಿ ತಿಂದಂಗ ತಿನ್ನಾಕತ್ತಿ?"

"ಸಾಕ ದೊಡ್ಡವ್ವಾ, ಹೊಟ್ಟಿ ತುಂಬೇತಿ."

"ಒಂದ ಹೋಳಿಗಿಗೆ ಏನಾಕ್ಕೇತಿ? ಕುಬಸದ ಮನ್ಯಾಗ ಒಲ್ಲೆ ಅನಬಾರದು. ನನ್ನ ಆಣಿ ಐತಿ ನೋಡ!"

ಆಣೆ ಇಟ್ಟಮೇಲೆ ಮುಗೀತಲ್ಲ. ಹೋಳಿಗೆ ಬಿತ್ತು, ಅದರ ಮೇಲೆ ತುಪ್ಪ ಬಿತ್ತು. ಅಕ್ಕ ಅರ್ಧ ತಿಂದಳು. ಐದು ನಿಮಿಷ ಆಗಿರಲಿಲ್ಲ, ಎದೆ ಹಿಡಿದುಕೊಂಡು ಹಿತ್ತಲಿಗೆ ಓಡಿದಳು. ತಿಂದದ್ದೆಲ್ಲ ಹೊರಗೆ ಬಂತು, ಆಮೇಲೆ ಬರೀ ನೊರೆ. ನಾನು ನೀರಿನ ಚೊಂಬು ಹಿಡಿದು ನಿಂತಿದ್ದೆ. ಒಳಗಡೆ ಪಂಕ್ತಿಯಲ್ಲಿ ಯಾರೋ ಹೇಳ್ತಾ ಇದ್ದದ್ದು ಕೇಳಿಸ್ತು... "ಹೊಟ್ಟಿ ಕೊಯ್ಸ್ಕೊಂಡಾಳಂತ, ಪಾಪ, ಇನ್ನ ಉಣ್ಣೂ ಭಾಗ್ಯ ಇಲ್ಲ."

ಇದು ಮೂರು ವರ್ಷದ ಹಿಂದಿನ ಮಾತು. ಕಳೆದ ತಿಂಗಳು ಇಳಕಲ್ಲಿನ ನಮ್ಮ ಮನೆಗೆ ಅದೇ ದೊಡ್ಡವ್ವ ಬಂದಿದ್ದಳು. ಅಕ್ಕನನ್ನು ಮೇಲಿಂದ ಕೆಳಗೆ ನೋಡಿ ಅಂದಳು:

"ಯಾಕ, ಮತ್ತ ದಪ್ಪ ಆಗಾಕತ್ತಿಯಲ್ಲ? ತಿಂದ ತಿಂದ ಹೊಟ್ಟಿ ಮತ್ತ ಹಿಗ್ಗಿಸ್ಕೊಂಡಿ ಕಾಣತೈತಿ. ಸುಮ್ನ ರೊಕ್ಕ ನೀರಾಗ ಹಾಕಿದ್ರಿ."

ಕೇಳಿದ್ರಲ್ಲ? ಅವತ್ತು ತಿನ್ನಲಿಲ್ಲ ಅನ್ನೋದು ತಪ್ಪು, ಇವತ್ತು ತಿಂದಳು ಅನ್ನೋದು ತಪ್ಪು. ಆರೋಪ ಎರಡು, ಬಾಯಿ ಒಂದೇ. ಇದು ನಮ್ಮ ದೊಡ್ಡವ್ವನೊಬ್ಬಳ ಬಾಯಿ ಆಗಿದ್ರೆ ನಾನು ಬರೀತಾನೂ ಇರಲಿಲ್ಲ. ಇದು ನಮ್ಮೆಲ್ಲರ ಬಾಯಿ. ಹೊಟ್ಟೆ ಅಂದ್ರೆ ಒಂದು ಚೀಲ, ಕತ್ತರಿಸಿ ಹೊಲಿದ್ರೆ ಚಿಕ್ಕದಾಗುತ್ತೆ, ತುರುಕಿದ್ರೆ ದೊಡ್ಡದಾಗುತ್ತೆ, ಅಷ್ಟೇ ಅಂತ ನಾವೆಲ್ಲ ನಂಬಿದ್ದೇವೆ. ಹಾಗಾಗಿ ತೂಕ ಇಳಿದ್ರೆ ಡಾಕ್ಟರ ಕತ್ತರಿಗೆ ಶಹಬ್ಬಾಸ್, ಏರಿದ್ರೆ ಅವಳ ನಾಲಿಗೆಗೆ ಬೈಗುಳ. ಈ ಚೀಲದ ಲೆಕ್ಕವೇ ತಪ್ಪು ಅಂತ ಹೇಳೋಕೆ ಈ ಬರಹ.

ಮೊದಲು ನನ್ನ ತಪ್ಪು ಒಪ್ಪಿಕೊಂಡುಬಿಡ್ತೀನಿ. ಆಪರೇಷನ್ ಆದ ಹೊಸದರಲ್ಲಿ ನಾನೂ ಇಂಜಿನಿಯರ್ ಬುದ್ಧಿ ತೋರಿಸಿದ್ದೆ. ಒಂದು ಎಕ್ಸೆಲ್ ಶೀಟ್ ಮಾಡಿ, ಬೇಳೆ ಕಟ್ಟು ಎಷ್ಟು ಮಿ.ಲೀ., ಮಜ್ಜಿಗೆ ಎಷ್ಟು ಮಿ.ಲೀ. ಅಂತ ದಿನಾ ಫೋನ್ ಮಾಡಿ ಬರ್ಕೊಳ್ತಿದ್ದೆ. ಗ್ರಾಫ್ ಬೇರೆ! ಒಂದಿನ ಅಕ್ಕ ಸಿಟ್ಟಿಗೆದ್ದು, "ನಾ ಏನ ಕೊಡಾ ಅದೀನೇನೋ ತಮ್ಮಾ, ಎಷ್ಟ ಹಿಡಿತೈತಿ ಅಂತ ಅಳ್ಯಾಕ?" ಅಂದಳು. ಶೀಟ್ ಅವತ್ತೇ ಮುಚ್ಚಿದೆ. ಆಮೇಲೆ ಓದೋಕೆ ಶುರು ಮಾಡಿದೆ. ಮೊದಲು ಮಾಡಬೇಕಾಗಿದ್ದದ್ದು ಅದು :-)

ಓದಿದ್ದು ಇಷ್ಟು. ದೊಡ್ಡವರ ಖಾಲಿ ಜಠರ ಸುಮಾರು ಮುಷ್ಟಿಯಷ್ಟು, 100 ಮಿ.ಲೀ. ಕೂಡ ಇರೋದಿಲ್ಲ. ಊಟ ಬಂದ ಹಾಗೆ ಅದರ ಮೇಲ್ಭಾಗದ ಗುಂಡನೆಯ ಜಾಗ (ಫಂಡಸ್ ಅಂತಾರೆ) ಸಡಿಲಾಗಿ ಹಿಗ್ಗಿ ಒಂದು, ಒಂದೂವರೆ ಲೀಟರಿಗೆ ಆಸರೆ ಕೊಡುತ್ತೆ. ಅಕ್ಕನಿಗೆ ಆಗಿದ್ದು ಸ್ಲೀವ್ ಗ್ಯಾಸ್ಟ್ರೆಕ್ಟಮಿ. ಇದರಲ್ಲಿ ಜಠರದ ಶೇ. 75ರಿಂದ 80 ಭಾಗ ತೆಗೆದುಬಿಡ್ತಾರೆ. ಹಿಗ್ಗುವ ಆ ಗುಂಡನೆಯ ಜಾಗವೂ ಅದರಲ್ಲೇ ಹೋಗುತ್ತೆ. ಉಳಿಯೋದು ಬಾಳೆಹಣ್ಣಿನ ಆಕಾರದ ಒಂದು ಕೊಳವೆ, ಮೊದಮೊದಲು ಸುಮಾರು 100ರಿಂದ 150 ಮಿ.ಲೀ. ಗ್ಯಾಸ್ಟ್ರಿಕ್ ಬೈಪಾಸ್ ಇನ್ನೊಂದು ತರ. ಅಲ್ಲಿ ಸುಮಾರು 30 ಮಿ.ಲೀ.ನ ಪುಟ್ಟ ಸಂಚಿ ಮಾಡಿ ನೇರ ಕರುಳಿಗೆ ಜೋಡಿಸ್ತಾರೆ, ಮಿಕ್ಕ ಜಠರ ಹೊಟ್ಟೆಯೊಳಗೇ ಇರುತ್ತೆ ಆದರೆ ಊಟ ಆ ದಾರಿಯಲ್ಲಿ ಹೋಗೋದಿಲ್ಲ.

ಕೊಳವೆ ಬಲೂನಿನ ಹಾಗೆ ಹಿಗ್ಗಲ್ಲ. ಒಂದು ತುತ್ತು ಹೆಚ್ಚಾದ್ರೆ ಒಳಗಿನ ಒತ್ತಡ ತಟ್ಟನೆ ಏರುತ್ತೆ. ನಿಮಗೆ 'ಇನ್ನೊಂದು ಹೋಳಿಗೆ' ಅಂದ್ರೆ ಹೊಟ್ಟೆ ಭಾರ, ಒಂದು ನಿದ್ದೆ. ಅವಳಿಗೆ ಎದೆಯಲ್ಲಿ ಕಲ್ಲು ಸಿಕ್ಕಿಕೊಂಡ ಹಾಗೆ. ಹಿತ್ತಲಿನ ಆ ನೊರೆ ಬಂದದ್ದು ಅದಕ್ಕೇ. ಪದೇ ಪದೇ ವಾಂತಿ ಆಗ್ತಾ ಹೋದ್ರೆ ಬಿ1 ವಿಟಮಿನ್ ಖಾಲಿಯಾಗಿ ನರಗಳಿಗೂ ಮೆದುಳಿಗೂ ಪೆಟ್ಟು ಬೀಳಬಹುದು. ನಮ್ಮ ಆಣೆಗೆ ಇಷ್ಟು ಶಕ್ತಿ ಇದೆ ನೋಡಿ.

ಆದ್ರೆ ಜಾಗ ಕಡಿಮೆಯಾಗೋದು ಅರ್ಧ ಕಥೆ ಮಾತ್ರ. ಹಸಿವನ್ನು ಹುಟ್ಟಿಸುವ ಗ್ರೆಲಿನ್ ಅನ್ನೋ ಹಾರ್ಮೋನನ್ನು 1999ರಲ್ಲಿ ಜಪಾನಿನ ವಿಜ್ಞಾನಿಗಳು ಕಂಡುಹಿಡಿದರು. ಅದು ಮುಖ್ಯವಾಗಿ ತಯಾರಾಗೋದು ಆ ಗುಂಡನೆಯ ಮೇಲ್ಭಾಗದಲ್ಲೇ! ಸ್ಲೀವ್ ಆದಮೇಲೆ ಅದರ ಪ್ರಮಾಣ ಇಳಿಯುತ್ತೆ. ಊಟ ಕರುಳಿಗೆ ಬೇಗ ಇಳಿಯೋದ್ರಿಂದ 'ಸಾಕು' ಅನ್ನೋ ಸಂದೇಶ ಕೊಡುವ ಹಾರ್ಮೋನುಗಳು ಏರುತ್ತವೆ. ಬೈಪಾಸ್ ಆದ ಎಷ್ಟೋ ಜನರಿಗೆ ತೂಕ ಇಳಿಯೋ ಮೊದಲೇ ಸಕ್ಕರೆ ಹತೋಟಿಗೆ ಬರುತ್ತೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಇದು ಹಾರ್ಡ್‌ಡಿಸ್ಕ್ ಚಿಕ್ಕದು ಮಾಡೋ ಕೆಲಸ ಅಲ್ಲ, ಆಪರೇಟಿಂಗ್ ಸಿಸ್ಟಮ್ಮಿನ ಸೆಟ್ಟಿಂಗ್ ಬದಲಾಯಿಸೋ ಕೆಲಸ.

ಸರಿ, ದೊಡ್ಡವ್ವ ಹೇಳಿದ ಹಾಗೆ ಹೊಟ್ಟೆ ಮತ್ತೆ ಹಿಗ್ಗುತ್ತಾ? ಹಿಗ್ಗುತ್ತೆ. ಮೊದಲ ವಾರಗಳಲ್ಲಿ ಬಾವು ಇರುತ್ತೆ, ಅದು ಇಳಿಯುತ್ತೆ. ಒಂದೆರಡು ವರ್ಷದಲ್ಲಿ ಕೊಳವೆ ಸ್ವಲ್ಪ ಸಡಿಲಾಗಿ, ಮೊದಲು ಎರಡು ಚಮಚಕ್ಕೆ ಸಾಕಾಗ್ತಿದ್ದವರಿಗೆ ಒಂದು ಬಟ್ಟಲು ಊಟ ಹಿಡಿಸುತ್ತೆ. ಇದು ಅಪರಾಧ ಅಲ್ಲ, ಅಂಗಾಂಶದ ಗುಣ. ಜೀವನಪೂರ್ತಿ ಎರಡು ಚಮಚದಲ್ಲೇ ಬದುಕೋಕೆ ಆಗುತ್ತಾ ಹೇಳಿ? ಇನ್ನು ತೂಕ ಮರಳೋದಕ್ಕೆ ಕೊಳವೆ ಒಂದೇ ಕಾರಣ ಅಲ್ಲ. ಇಳಿದ ತೂಕವನ್ನು ವಾಪಸ್ ತರೋಕೆ ದೇಹವೇ ಹಸಿವು ಹೆಚ್ಚಿಸುತ್ತೆ, ಖರ್ಚು ಕಡಿಮೆ ಮಾಡುತ್ತೆ. ನಿದ್ದೆ, ಮಾತ್ರೆಗಳು, ಮನಸ್ಸಿನ ಕಷ್ಟ ಎಲ್ಲ ಇದರಲ್ಲಿ ಸೇರುತ್ತೆ.

ಸ್ವೀಡನ್ನಿನಲ್ಲಿ 1987ರಲ್ಲಿ ಶುರುವಾದ ಅಧ್ಯಯನವೊಂದು 4047 ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿತು. ಅರ್ಧದಷ್ಟು ಜನ ಆಪರೇಷನ್ ಆದವರು, ಅರ್ಧ ಆಗದವರು. ಬೈಪಾಸ್ ಆದವರು ಮೊದಲ ಒಂದೆರಡು ವರ್ಷದಲ್ಲಿ ಸರಾಸರಿ ಶೇ. 32ರಷ್ಟು ತೂಕ ಕಳೆದುಕೊಂಡರು. ಹತ್ತು ವರ್ಷಕ್ಕೆ ಅದು ಶೇ. 25ಕ್ಕೆ ಬಂದು ನಿಂತಿತು. ಅಂದ್ರೆ ಸ್ವಲ್ಪ ಮರಳಿ ಬರೋದೇ ಸರಾಸರಿ ಕಥೆ! ಆದರೂ ಆಪರೇಷನ್ ಆದವರಲ್ಲಿ ಸಾವು ಕಡಿಮೆ ಇತ್ತು. ಅಕ್ಕ 112 ಕೆ.ಜಿ. ಇದ್ದಳು, 78ಕ್ಕೆ ಇಳಿದಳು, ಈಗ 84. ಲೆಕ್ಕ ಹಾಕಿ, ಇವತ್ತಿಗೂ ಶೇ. 25 ಕಡಿಮೆ. ಅಧ್ಯಯನದ ಆಪರೇಷನ್ ಬೇರೆ, ದೇಶ ಬೇರೆ, ಅವಳ ವರ್ಷಗಳೂ ಕಡಿಮೆ, ನಿಜ. ಆದ್ರೆ ಗೆರೆ ಕೆಳಗಿಳಿದು ಸ್ವಲ್ಪ ಮೇಲೇರೋದು ಎಲ್ಲ ಕಡೆ ಒಂದೇ. ಅವಳ ಸಕ್ಕರೆ ಮಾತ್ರೆ ನಿಂತಿದೆ, ಮೂರನೇ ಮಹಡಿ ಹತ್ತಿದ್ರೂ ಏದುಸಿರಿಲ್ಲ. ಇದನ್ನು ಯಾರೂ ಕೇಳಲಿಲ್ಲ. ಆರು ಕೆ.ಜಿ. ಮಾತ್ರ ಎಲ್ಲರ ಕಣ್ಣಿಗೆ ಬಿತ್ತು.

ಚೀಲದ ಲೆಕ್ಕ ಇನ್ನೊಂದು ಕಡೆಯೂ ಮೋಸ ಮಾಡುತ್ತೆ. "ಚಾ ಕುಡಿ, ಅದೇನ ಊಟ ಅಲ್ಲಲ್ಲ" ಅಂತಾರೆ. ನೀರಾದ, ಮೆತ್ತಗಿನ ಸಿಹಿ ಪದಾರ್ಥ ಆ ಕೊಳವೆಯಲ್ಲಿ ನಿಲ್ಲೋದೇ ಇಲ್ಲ, ಜಾರಿ ಹೋಗುತ್ತೆ. ಹಾಗಾಗಿ ಅರ್ಧ ರೊಟ್ಟಿ ಹಿಡಿಸದ ಹೊಟ್ಟೆಯಲ್ಲಿ ದಿನಕ್ಕೆ ಆರು ಕಪ್ ಸಕ್ಕರೆ ಚಾ ಆರಾಮಾಗಿ ಹಿಡಿಸುತ್ತೆ. ಅಮೀನಗಡದ ಕರದಂಟು ಚೂರು ಚೂರೇ ಇಡೀ ಪೊಟ್ಟಣ ಖಾಲಿಯಾಗುತ್ತೆ. ನನ್ನ ಮಿ.ಲೀ. ಶೀಟು ದಡ್ಡತನ ಅನ್ನಿಸಿದ್ದು ಇದು ಗೊತ್ತಾದಮೇಲೆ. ಕೇಳಬೇಕಾದ್ದು ಎಷ್ಟು ಹಿಡಿಸುತ್ತೆ ಅಂತ ಅಲ್ಲ, ಆ ಸಣ್ಣ ಜಾಗಕ್ಕೆ ಮೊದಲು ಏನು ಹೋಗಬೇಕು ಅಂತ. ಅಕ್ಕನ ತಾಟಿನಲ್ಲಿ ಮೊದಲು ಕಾಳು, ಮೊಸರು, ಜುಣಕ. ಆಮೇಲೆ ಪಲ್ಯ. ಕೊನೆಗೆ ಜಾಗ ಉಳಿದ್ರೆ ರೊಟ್ಟಿ. ನೀರು ಊಟದ ಜೊತೆ ಇಲ್ಲ, ಅರ್ಧ ಗಂಟೆ ಬಿಟ್ಟು. ನಮ್ಮಂಥ ಶಾಕಾಹಾರಿ ಮನೆಗಳಲ್ಲಿ ಬಿ12 ಮೊದಲೇ ಕಡಿಮೆ, ಅದನ್ನು ಹೀರಿಕೊಳ್ಳೋಕೆ ಬೇಕಾದ ಅಂಶ ತಯಾರಾಗೋದೂ ಜಠರದಲ್ಲೇ. ಅದಕ್ಕೆ ಅವಳಿಗೆ ಬಿ12, ಕಬ್ಬಿಣ, ಕ್ಯಾಲ್ಸಿಯಂ ಜೀವನಪೂರ್ತಿ. ಆಗಾಗ ಇಳಕಲ್ಲಿನಿಂದ ಬಾಗಲಕೋಟೆಗೆ ಬಸ್ಸು ಹತ್ತಿ ಹೋಗಿ ರಕ್ತ ಪರೀಕ್ಷೆ ಮಾಡಿಸಿಕೊಂಡು ಬರ್ತಾಳೆ. ಜಾಹೀರಾತುಗಳು ಇದನ್ನು ದಪ್ಪ ಅಕ್ಷರದಲ್ಲಿ ಹೇಳೋದಿಲ್ಲ. ಅಲ್ಲಿ ಇರೋದು 'ಮೊದಲು' ಮತ್ತು 'ನಂತರ' ಅನ್ನೋ ಎರಡು ಫೋಟೋ. ನಂತರದ ನಂತರ ಏನು ಅಂತ ಯಾರೂ ತೋರಿಸಲ್ಲ.

ಇನ್ನೊಂದು ಮಾತು. 2011ರಲ್ಲಿ ನಿತಿನ್ ಗಡ್ಕರಿ, 2014ರಲ್ಲಿ ಅರುಣ್ ಜೇಟ್ಲಿ ಇಂಥದೇ ಆಪರೇಷನ್ ಮಾಡಿಸಿಕೊಂಡಾಗ ಅದು 'ಚಿಕಿತ್ಸೆ' ಆಗಿತ್ತು. ನಮ್ಮೂರ ಹೆಣ್ಣುಮಗಳು ಮಾಡಿಸಿಕೊಂಡ್ರೆ 'ಸೋಮಾರಿತನ', 'ಶೋಕಿ' ಆಗುತ್ತೆ. ಅದರ ಮೇಲೆ "ಆ ಟಿವಿ ನಟಿ ಸತ್ತಳಲ್ಲ" ಅಂತ ಹೆದರಿಸ್ತಾರೆ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡ ಚೇತನಾ ರಾಜ್ ಅವರಿಗೆ ಆಗಿದ್ದು ಕೊಬ್ಬು ತೆಗೆಯುವ ಸೌಂದರ್ಯ ಚಿಕಿತ್ಸೆ, ಜಠರಕ್ಕೂ ಅದಕ್ಕೂ ಸಂಬಂಧ ಇಲ್ಲ. ಜಠರದ ಆಪರೇಷನ್ನಿಗೆ ಅಪಾಯವೇ ಇಲ್ಲ ಅಂತಲ್ಲ. ಹೊಲಿಗೆ ಸೋರಬಹುದು, ರಕ್ತಸ್ರಾವ ಆಗಬಹುದು, ಸ್ಲೀವ್ ಆದವರಿಗೆ ಎದೆಯುರಿ ಹೆಚ್ಚಬಹುದು, ತೆಗೆದ ಭಾಗ ವಾಪಸ್ ಬರೋದಿಲ್ಲ. ಹೆದರಿಸೋದಾದ್ರೆ ನಿಜ ಹೇಳಿ ಹೆದರಿಸಿ.

"ಉಪಚಾರ ಮಾಡೂದು ನಮ್ಮ ಉತ್ತರ ಕರ್ನಾಟಕದ ಸಂಸ್ಕೃತಿ, ಅದನ್ನೂ ಬಿಡೂದೇನ?" ಅಂತ ನಮ್ಮ ಕಾಕಾ ಕೇಳಿದ್ರು. ಬಿಡೋದು ಬೇಡ ಕಾಕಾ. ಬಾದಾಮಿ ಹತ್ತಿರದ ಬನಶಂಕರಿ ಗುಡಿ ಮುಂದೆ ಬುಟ್ಟಿಯಲ್ಲಿ ರೊಟ್ಟಿ ಊಟ ಹೊತ್ತು ತರುವ ಅವ್ವಂದಿರನ್ನು ನೋಡಿ. "ಇನ್ನೇನ ಹಾಕ್ಲೆಪಾ?" ಅಂತ ಕೇಳ್ತಾರೆ, ಬೇಡ ಅಂದ್ರೆ ಕೈ ಹಿಂದೆ ತಗೋತಾರೆ. ಅವರ ಅಕ್ಕರೆಗೆ ಕಡಿಮೆ ಏನಿದೆ? ಇನ್ನೊಂದು ತರದ ಉಪಚಾರದ ಕಥೆಯೂ ಅದೇ ಬಾದಾಮಿಯದ್ದೇ. ವಾತಾಪಿಯನ್ನು ಅಡುಗೆ ಮಾಡಿ ಅತಿಥಿಗೆ ಬಡಿಸಿ, ಆಮೇಲೆ "ಹೊರಗೆ ಬಾ" ಅಂತ ಕರೆದು ಅತಿಥಿಯ ಹೊಟ್ಟೆ ಸೀಳಿಸ್ತಿದ್ದ ಇಲ್ವಲನ ಕಥೆ. ಅಗಸ್ತ್ಯರು ಜೀರ್ಣ ಮಾಡಿಕೊಂಡರು, ಬಚಾವಾದರು. ಉಳಿದ ಅತಿಥಿಗಳು? ಬಡಿಸಿದವರ ಮನಸ್ಸಿನಲ್ಲಿ ಏನಿತ್ತು ಅನ್ನೋದು ಬೇರೆ ಮಾತು, ಉಂಡವರ ಹೊಟ್ಟೆಗೆ ಆಗೋದು ಒಂದೇ.

ನಮ್ಮ ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು 1975ರಿಂದ ಜೋಳಿಗೆ ಹಿಡಿದು ಊರೂರು ತಿರುಗಿ ಜನರ ದುಶ್ಚಟಗಳನ್ನು ಭಿಕ್ಷೆ ಬೇಡಿದರು. 2018ರಲ್ಲಿ ಅವರು ಲಿಂಗೈಕ್ಯರಾದರು. ಅವರ ಹುಟ್ಟಿದ ದಿನ ಆಗಸ್ಟ್ 1 ರಾಜ್ಯದಲ್ಲಿ ವ್ಯಸನಮುಕ್ತ ದಿನ. ಕುಡಿತ, ತಂಬಾಕು ಎಲ್ಲ ಆ ಜೋಳಿಗೆಗೆ ಬಿದ್ದಿದೆ. "ನನ್ನ ಆಣಿ ಐತಿ" ಅನ್ನೋದೂ ಒಂದು ಚಟವೇ ಅಲ್ವಾ? "ಮತ್ತ ದಪ್ಪ ಆಗಿ" ಅನ್ನೋದು ಅದಕ್ಕಿಂತ ಕೆಟ್ಟ ಚಟ. ಇವೆರಡನ್ನೂ ಹಾಕಿಬಿಡೋಣ.

ಮುಂದಿನ ತಿಂಗಳು ಇನ್ನೊಂದು ಮದುವೆ ಇದೆ. ಅಕ್ಕ ಬರಲ್ಲ ಅಂತಿದ್ದಾಳೆ. ಊಟಕ್ಕೆ ಹೆದರಿ ಅಲ್ಲ, ಊಟ ಬಡಿಸೋರಿಗೆ ಹೆದರಿ. ನಿಮ್ಮ ಪಂಕ್ತಿಯಲ್ಲೂ ಇಂಥವರೊಬ್ಬರು ಕೂತಿರಬಹುದು. "ಇನ್ನೇನ ಹಾಕ್ಲಿ?" ಅಂತ ಒಮ್ಮೆ ಕೇಳಿ, ಸಾಕು ಅಂದ್ರೆ ಮುಂದಿನ ಎಲೆಗೆ ಹೋಗಿ. ಇಷ್ಟು ಮಾಡೋಕೆ ಯಾವ ಆಪರೇಷನ್ನೂ ಬೇಡ.