ಇಪ್ಪತ್ತು ಕಿಲೋಮೀಟರಿನ ಕಾರ್ಡ್‌ಲೆಸ್ ನಮಗೆ ಬೇಡ

ಹೋದ ತಿಂಗಳು ಅಕ್ಕನ ಮಗ ಫೋನು ಮಾಡಿದ. "ಮಾವ, ಇಪ್ಪತ್ತು ಕಿಲೋಮೀಟರ್ ಹೋಗುವ ಕಾರ್ಡ್‌ಲೆಸ್ ಫೋನು ಒಂದು ಕಡೆ ಮಾರಾಟಕ್ಕೆ ಉಂಟಂತೆ. ನಮ್ಮ ತೋಟದಲ್ಲಿ ಮೊಬೈಲಿಗೆ ಸಿಗ್ನಲ್ಲೇ ಇಲ್ಲ. ತರಿಸಿದರೆ ಹೇಗೆ?"

"ಬೇಡ ಮಾರಾಯಾ" ಎಂದೆ.

"ಯಾಕೆ, ನೀವೇ ಇಟ್ಟುಕೊಂಡಿರಲಿಲ್ವಾ?"

ಹೌದು, ಇಟ್ಟುಕೊಂಡಿದ್ದೆ. ಒಂದಲ್ಲ ಎರಡಲ್ಲ, ನಾಲ್ಕು ವರ್ಷ. ಹಾಗಾಗಿ ಬೇಡ ಎಂದು ಹೇಳುವ ಹಕ್ಕೂ ನನಗೆ ಸ್ವಲ್ಪ ಇದೆ. ಅವನಿಗೆ ಫೋನಿನಲ್ಲಿ ಹೇಳಿ ಮುಗಿಯಲಿಲ್ಲ. ಇದೇ ಯೋಚನೆಯಲ್ಲಿರುವ ಬೇರೆ ಕೃಷಿಕರೂ ಇರಬಹುದು ಎಂದು ಇಲ್ಲಿ ಬರೆಯುತ್ತಿದ್ದೇನೆ.

ಅಂದು ಯಾಕೆ ತಂದೆ?

1998ರ ಮಾತು. ನಮ್ಮದು ಸುಳ್ಯ ತಾಲೂಕಿನ ಒಳಗಿನ ಹಳ್ಳಿ. ಮನೆಗೆ ದೂರವಾಣಿ ಬಂದು ವರ್ಷವಾಗಿತ್ತಷ್ಟೆ. ತಮ್ಮನ ಮನೆ ತೋಟದ ಆಚೆ ತುದಿಯಲ್ಲಿ, ಒಂದೂವರೆ ಕಿಲೋಮೀಟರ್ ದೂರ. ಅಲ್ಲಿಗೆ ಕಂಬ ಯಾವಾಗ ಬರುತ್ತದೆಂದು ಹೇಳುವವರೇ ಇರಲಿಲ್ಲ. ಆಗ ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಈ 'ದೊಡ್ಡ ಕಾರ್ಡ್‌ಲೆಸ್' ಬಂದಿತ್ತು. ನಾನೂ ಒಬ್ಬರ ಮೂಲಕ ತರಿಸಿದೆ. ಬಿಲ್ ಇಲ್ಲ, ಗ್ಯಾರಂಟಿ ಇಲ್ಲ. ಅಂಗಳದ ಬದಿಯಲ್ಲಿ ಉದ್ದದ ಅಡಿಕೆ ಮರ ನಿಲ್ಲಿಸಿ ತುದಿಗೆ ಆಂಟೆನಾ ಕಟ್ಟಿದೆವು.

ಉಪಕಾರ ಆಗಲಿಲ್ಲ ಎಂದರೆ ಸುಳ್ಳಾದೀತು. ಒಂದು ಮಳೆಗಾಲದಲ್ಲಿ ತಮ್ಮನ ತೋಟದಲ್ಲಿ ಮದ್ದು ಬಿಡುತ್ತಿದ್ದವರು ಮರದಿಂದ ಜಾರಿ ಬಿದ್ದರು. ತಮ್ಮ ಅಂಗಳಕ್ಕೆ ಓಡಿ ಬಂದು ಅದೇ ಕೈಸೆಟ್ಟಿನಲ್ಲಿ ಸುದ್ದಿ ಕೊಟ್ಟ. ಅರ್ಧ ಗಂಟೆಯೊಳಗೆ ಜೀಪು ಹೋಯಿತು. ಆ ಮನುಷ್ಯ ಉಳಿದರು. ಈಗಲೂ ನಮ್ಮಲ್ಲಿಗೆ ಕೆಲಸಕ್ಕೆ ಬರುತ್ತಾರೆ, ಮರ ಮಾತ್ರ ಹತ್ತುವುದಿಲ್ಲ.

ಇದನ್ನು ಮೊದಲೇ ಹೇಳಿದ್ದು ಯಾಕೆಂದರೆ, ಕಾರ್ಡ್‌ಲೆಸ್ ತರುವವರು ಶೋಕಿಗೆ ತರುವುದಲ್ಲ. ತೋಟದಲ್ಲಿ ಒಬ್ಬನೇ ಇರುವವನಿಗೆ ಹಾವು ಕಚ್ಚಿದರೆ, ಪಂಪಿನ ಕರೆಂಟು ಹೊಡೆದರೆ, ಕೂಗಿದರೆ ಯಾರಿಗೆ ಕೇಳಬೇಕು? ಅಗತ್ಯ ನಿಜ. ಆದರೆ ಅಗತ್ಯ ನಿಜ ಎಂದ ಮಾತ್ರಕ್ಕೆ ಸಿಕ್ಕಿದ ಮದ್ದೆಲ್ಲ ಸರಿ ಎಂದಾಗುವುದಿಲ್ಲ.

ಕಿಲೋಮೀಟರಿನ ಲೆಕ್ಕ

ನಮ್ಮ ಸೆಟ್ಟು ತಮ್ಮನ ಅಂಗಳದಲ್ಲಿ ಚೆನ್ನಾಗಿ ಕೇಳುತ್ತಿತ್ತು. ಬಾವಿಕಟ್ಟೆಗೆ ಇಳಿದರೆ ಗೊರಗೊರ. ತೋಡಿನ ಬದಿಯ ಪಂಪುಶೆಡ್ಡಿನಲ್ಲಿ ಏನೂ ಇಲ್ಲ. ನಿಜಕ್ಕೂ ಫೋನು ಬೇಕಾದ್ದು ಅಲ್ಲಿ!

ಇದು ಸೆಟ್ಟಿನ ದೋಷವಲ್ಲ. ಈ ಅಲೆಗಳು ಹೆಚ್ಚುಕಡಿಮೆ ಬೆಳಕಿನ ಹಾಗೆ ನೇರ ಹೋಗುತ್ತವೆ. ಆಂಟೆನಾ 10 ಮೀಟರ್ ಎತ್ತರದಲ್ಲಿ, ಕೈಸೆಟ್ಟು ಒಂದೂವರೆ ಮೀಟರ್ ಎತ್ತರದಲ್ಲಿ ಇದ್ದರೆ, ಸಪಾಟು ಬಯಲಿನಲ್ಲೇ ಸುಮಾರು 18 ಕಿಲೋಮೀಟರಿಗೆ ಭೂಮಿಯ ಉಬ್ಬು ಅಡ್ಡ ಬರುತ್ತದೆ. ಅಂದರೆ 20 ಕಿಲೋಮೀಟರ್ ಎಂಬುದು ಸಮುದ್ರದ ಮೇಲಿನ ಮಾತು. ನಮ್ಮಲ್ಲಿ ಗುಡ್ಡೆ ಇದೆ, ಒದ್ದೆ ಸೋಗೆ ಇದೆ, ಅದರಡಿಯಲ್ಲಿ ಕೊಕ್ಕೊ. ನೀರು ತುಂಬಿದ ಎಲೆ ಅಲೆಯನ್ನು ಹೀರಿಕೊಳ್ಳುತ್ತದೆ. ಬೇಸಿಗೆಯಲ್ಲಿ ಕೇಳಿದ್ದು ಆಟಿ ತಿಂಗಳಲ್ಲಿ ಕೇಳುವುದಿಲ್ಲ.

ಇನ್ನೊಂದು ಸಂಗತಿ. ತಾಮ್ರದ ತಂತಿಯ ಹಳೆ ಫೋನಿಗೆ ಎಕ್ಸ್‌ಚೇಂಜಿನಿಂದಲೇ 48 ವೋಲ್ಟ್ ಬರುತ್ತಿತ್ತು. ಮನೆಯಲ್ಲಿ ಕರೆಂಟು ಇಲ್ಲದಿದ್ದರೂ ಮಾತಾಡಬಹುದಿತ್ತು. ಕಾರ್ಡ್‌ಲೆಸ್ಸಿನ ಬುಡ ಹಾಗಲ್ಲ. ಮಳೆಗಾಲದಲ್ಲಿ ಕರೆಂಟು ಹೋದ ಕೂಡಲೇ ಅದೂ ಮಲಗುತ್ತಿತ್ತು.

ಸಿಡಿಲಿನ ಕತೆ ಬೇರೆಯೇ. ಅಂಗಳದಲ್ಲಿ ಎತ್ತರಕ್ಕೆ ಲೋಹ ಕಟ್ಟಿ ಅದರ ತಂತಿಯನ್ನು ಮನೆಯೊಳಗೆ ತಂದರೆ, ಸಿಡಿಲಿಗೆ ಬಾಗಿಲು ತೆರೆದು ಕೂತ ಹಾಗೆ. ಎರಡು ಸಲ ಸೆಟ್ಟು ಸುಟ್ಟಿತು. ಎರಡನೇ ಸಲ ಗೋಡೆಯ ಸ್ವಿಚ್ ಬೋರ್ಡು ಕಿತ್ತು ಹಾರಿತು. ಆಗ ಮನೆಯಾಕೆ ಹೇಳಿದ ಮಾತುಗಳನ್ನು ಇಲ್ಲಿ ಬರೆಯುವ ಹಾಗಿಲ್ಲ.

ನಮ್ಮ ಮಾತು ಊರಿನ ಮಾತು

ಆ ಕಾಲದ ಸೆಟ್ಟಿನಲ್ಲಿ ಮಾತು ಗಾಳಿಯಲ್ಲಿ ಬಿಚ್ಚಿಯೇ ಹೋಗುತ್ತಿತ್ತು. ಹತ್ತಿರದಲ್ಲಿ ಅದೇ ಜಾತಿಯ ಇನ್ನೊಂದು ಸೆಟ್ಟು ಇದ್ದರೆ ಅವರಿಗೂ ಕೇಳುತ್ತದೆ. ಯಾರ ಮನೆಯ ಸಂಬಂಧ ಎಲ್ಲಿ ತಪ್ಪಿತು, ಯಾರಿಗೆ ಬ್ಯಾಂಕಿನ ನೋಟೀಸು ಬಂತು, ಎಲ್ಲ ನನಗೆ ಗೊತ್ತಾಗುತ್ತಿತ್ತು. ನಮ್ಮದು ಅವರಿಗೆ ಗೊತ್ತಾಗುತ್ತಿತ್ತು. ಒಂದು ತಿಂಗಳ ಬಿಲ್ಲಿನಲ್ಲಿ ನಾವು ಮಾಡದ ಎಸ್‌ಟಿಡಿ ಕರೆಗಳು ಬಂದವು. ಬೇರೆ ಯಾರದೋ ಕೈಸೆಟ್ಟಿಗೆ ನಮ್ಮ ಬುಡ 'ಓ' ಎಂದಿತ್ತು. ದೂರು ಕೊಡೋಣ ಎಂದರೆ ಬಾಯಿ ಇಲ್ಲ. ಕಾನೂನಿಗೆ ಹೊರಗಿನ ಸಾಮಾನು ಇಟ್ಟುಕೊಂಡವನ ದೂರನ್ನು ಯಾರು ಕೇಳುತ್ತಾರೆ?

ಕಡೆಗೆ ಕಚೇರಿಯ ಪರಿಚಯದವರೊಬ್ಬರು ಮನೆಗೆ ಬಂದಾಗ ಕಂಬ ನೋಡಿ, "ಭಟ್ರೇ, ಇದನ್ನು ಇಳಿಸಿ. ಬೇರೆಯವರು ಬಂದರೆ ನಾನು ಗೊತ್ತಿಲ್ಲ ಎನ್ನಬೇಕಾದೀತು" ಎಂದರು. 2002ರಲ್ಲಿ ಇಳಿಸಿದೆ.

ಕಾನೂನು ಏನು ಹೇಳುತ್ತದೆ?

1933ರ ಭಾರತೀಯ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ವೈರ್‌ಲೆಸ್ ಉಪಕರಣ ಬಳಸುವುದಷ್ಟೇ ಅಲ್ಲ, ಇಟ್ಟುಕೊಳ್ಳುವುದೂ ತಪ್ಪಾಗಿತ್ತು. ಅಲೆ ಕಳಿಸುವ ಯಂತ್ರವಾದರೆ 3 ವರ್ಷದವರೆಗೆ ಜೈಲು, 1,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಸಾವಿರ ರೂಪಾಯಿ ನೋಡಿ ನಾವು ನಕ್ಕಿದ್ದೆವು. ಮೂರು ವರ್ಷದ ಮಾತು ಓದಿರಲಿಲ್ಲ. ಹಳೆ ಕಾಯ್ದೆಯ ಜಾಗಕ್ಕೆ ತಂದ 2023ರ ದೂರಸಂಪರ್ಕ ಕಾಯ್ದೆಯೂ ರೇಡಿಯೊ ಉಪಕರಣ ಇಟ್ಟುಕೊಳ್ಳಲು ಕೇಂದ್ರ ಸರಕಾರದ ಒಪ್ಪಿಗೆ ಬೇಕು ಎಂದೇ ಹೇಳುತ್ತದೆ. ಸರಕಾರ ವಿನಾಯಿತಿ ಕೊಟ್ಟ ಸಾಧನಗಳು ಮಾತ್ರ ಇದಕ್ಕೆ ಹೊರಗೆ. ಮನೆಯೊಳಗೆ ಬಳಸುವ, ಅಂಗಡಿಯಲ್ಲಿ ಬಿಲ್ಲಿನೊಂದಿಗೆ ಸಿಗುವ ಕಡಿಮೆ ಶಕ್ತಿಯ ಕಾರ್ಡ್‌ಲೆಸ್ ಬೇರೆ, ಈ ಕಿಲೋಮೀಟರಿನ ಸೆಟ್ಟು ಬೇರೆ.

"ಅಮೆರಿಕದಲ್ಲಿ ಇದಕ್ಕೆ ಅನುಮತಿ ಉಂಟು" ಎಂದು ಮಾರುವವರು ಹೇಳುತ್ತಾರೆ. ಅರ್ಧ ನಿಜ. ಅಲ್ಲಿ 902ರಿಂದ 928 ಮೆಗಾಹರ್ಟ್ಸ್‌ವರೆಗಿನ ಪಟ್ಟಿ ಇಂಥ ಫೋನುಗಳಿಗೆ ಪರವಾನಗಿ ಇಲ್ಲದೆ ಸಿಗುತ್ತದೆ. ನಮ್ಮಲ್ಲಿ 890ರಿಂದ 915 ಮೆಗಾಹರ್ಟ್ಸ್ ಎಂದರೆ ಮೊಬೈಲಿನಿಂದ ಟವರಿಗೆ ಮಾತು ಹೋಗುವ ದಾರಿ. ಅಮೆರಿಕದ ಸೆಟ್ಟನ್ನು ಇಲ್ಲಿ ಹಚ್ಚಿದರೆ ಹತ್ತಿರದ ಟವರಿನ ಕಿವಿಗೇ ಕೂಗಿದ ಹಾಗೆ. ನಿಮ್ಮ ಒಂದು ಕರೆಗಾಗಿ ಊರಿನವರ ಕರೆ ಕಡಿಯಬಹುದು.

ತೋಡಿನ ನೀರಿಗೆ ಸರದಿ ಇಲ್ಲವೇ? ಮೇಲಿನ ತೋಟದವನು ಕಟ್ಟ ಹಾಕಿ ಇಡೀ ನೀರು ತಿರುಗಿಸಿಕೊಂಡರೆ ನಾವು ಸುಮ್ಮನಿರುತ್ತೇವೆಯೇ? ಅಲೆಯೂ ಹಾಗೆಯೇ. ಕಣ್ಣಿಗೆ ಕಾಣುವುದಿಲ್ಲ, ಅಷ್ಟೆ.

ಮಾಡಿನ ಮೇಲೆ ಕೂರಿಸುವ ಸಿಗ್ನಲ್ ಬೂಸ್ಟರಿಗೂ ಇದೇ ಮಾತು. ಒಪ್ಪಿಗೆ ಇಲ್ಲದೆ ಅದನ್ನು ಹಾಕುವುದು ಅಪರಾಧ. ಅದು ಕೆಡಿಸುವುದು ನೆರೆಮನೆಯ ಸಿಗ್ನಲನ್ನು. "ಆನ್‌ಲೈನಿನಲ್ಲಿ ಸಿಗ್ತದಲ್ಲ" ಎಂಬುದು ಉತ್ತರವಲ್ಲ. 2025ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ನಿಯಮ ಮೀರಿ ವಾಕಿಟಾಕಿ ಮಾರಾಟಕ್ಕೆ ಇಟ್ಟದ್ದಕ್ಕಾಗಿ ಆನ್‌ಲೈನ್ ಮಾರಾಟ ತಾಣಗಳಿಗೆ 13 ನೋಟೀಸು ಕೊಟ್ಟಿತು. ಮಾರಾಟಕ್ಕೆ ಸಿಗುವುದೆಲ್ಲ ಬಳಸಬಹುದಾದ್ದಲ್ಲ.

ಹಾಗಾದರೆ ತೋಟಕ್ಕೆ ಏನು?

ದಾರಿ ಉಂಟು. ಬರೇ ಮಾತು ಸಾಕಾದರೆ ಪರವಾನಗಿ ಬೇಡದ ವಾಕಿಟಾಕಿ ನೋಡಿ. 446.0ರಿಂದ 446.2 ಮೆಗಾಹರ್ಟ್ಸ್‌ನ ಸಣ್ಣ ಸೆಟ್ಟುಗಳಿಗೆ ವಿನಾಯಿತಿ ಇದೆ. 27 ಮೆಗಾಹರ್ಟ್ಸ್‌ನ ಸಿಟಿಜನ್ ಬ್ಯಾಂಡಿನಲ್ಲಿ 5 ವ್ಯಾಟ್‌ವರೆಗಿನ ಸೆಟ್ಟಿಗೆ 2005ರಿಂದ ವಿನಾಯಿತಿ ಇದೆ. ಕೊಳ್ಳುವಾಗ ಎರಡು ಪ್ರಶ್ನೆ ಕೇಳಿ. ಇದು ಯಾವ ಮೆಗಾಹರ್ಟ್ಸ್? ಇದಕ್ಕೆ ಇಟಿಎ, ಅಂದರೆ ಉಪಕರಣದ ಅನುಮೋದನೆ ಪತ್ರ ಇದೆಯೇ? ಉತ್ತರ ಕೊಡದವರಿಂದ ಕೊಳ್ಳಬೇಡಿ. ಇವು ಊರಾಚೆ ಹೋಗುವುದಿಲ್ಲ. ಮನೆಯಿಂದ ತೋಟಕ್ಕೆ "ಬೇಗ ಬನ್ನಿ" ಎನ್ನಲು ಸಾಕು.

ಎರಡನೆಯದು ನಾನೇ ಮಾಡಿದ್ದು. ಮನೆಗೆ ಫೈಬರ್ ಬಂದಿದೆ. 2018ರಲ್ಲಿ 5 ಗಿಗಾಹರ್ಟ್ಸ್‌ನ ವೈ–ಫೈ ಪಟ್ಟಿಗಳನ್ನು ಹೊರಾಂಗಣದಲ್ಲೂ ಪರವಾನಗಿ ಇಲ್ಲದೆ ಬಳಸಲು ಸರಕಾರ ಬಿಟ್ಟಿತು. ಎದುರುಬದುರು ನೋಡುವ ವೈ–ಫೈ ಪೆಟ್ಟಿಗೆಗಳು ಜೋಡಿಯಾಗಿ ಸಿಗುತ್ತವೆ. ಒಂದು ಜೋಡಿ ನಮ್ಮ ಮಾಡಿನಿಂದ ಗುಡ್ಡೆಯ ಬಂಡೆಗೆ, ಇನ್ನೊಂದು ಬಂಡೆಯಿಂದ ಪಂಪುಶೆಡ್ಡಿಗೆ. ಬಂಡೆಯ ಮೇಲೆ ಸಣ್ಣ ಸೋಲಾರ್ ಹಲಗೆ, ಬ್ಯಾಟರಿ. ಮನೆಯ ಫೈಬರ್ ಪೆಟ್ಟಿಗೆಗೂ ಬ್ಯಾಟರಿ ಇಟ್ಟಿದ್ದೇನೆ, ಇಲ್ಲದಿದ್ದರೆ ಕರೆಂಟು ಹೋದಾಗ ಹಳೆ ಕತೆಯೇ. ಶೆಡ್ಡಿನ ಸುತ್ತ ಮಾಮೂಲಿ ಮೊಬೈಲಿನಲ್ಲೇ ವೈ–ಫೈ ಕಾಲಿಂಗ್ ಮೂಲಕ ಮಾತಾಡುತ್ತೇವೆ. 2019ರ ಕೊನೆಯಿಂದ ನಮ್ಮ ದೇಶದಲ್ಲಿ ಬರತೊಡಗಿದ ಸೌಲಭ್ಯ ಇದು. ನಿಮ್ಮ ಮೊಬೈಲು ಮತ್ತು ಸಿಮ್ ಎರಡಕ್ಕೂ ಅದು ಉಂಟೋ ಎಂದು ಮೊದಲೇ ವಿಚಾರಿಸಿ.

ಒಂದು ಪೆಟ್ಟಿಗೆಗೆ ಇನ್ನೊಂದು ಕಾಣಲೇಬೇಕು. ನಡುವೆ ಮರ ಬೆಳೆದರೆ ಸಂಪರ್ಕ ಸೊರಗುತ್ತದೆ. ವರ್ಷಕ್ಕೊಮ್ಮೆ ಗೆಲ್ಲು ಕಡಿಯುವ ಕೆಲಸ ಉಂಟು. ಗುಡುಗು ಸುರುವಾದರೆ ಮನೆಯ ಕಡೆಯ ತಂತಿ ಕಿತ್ತಿಡುವ ಅಭ್ಯಾಸವನ್ನೂ ಬಿಟ್ಟಿಲ್ಲ. ತೋಟದ ಮೂಲೆಮೂಲೆಗೂ ಇದು ಮುಟ್ಟುವುದಿಲ್ಲ.

ನಾವು ಕೇಳಬೇಕಾದ್ದು

ಖರ್ಚು ಎಲ್ಲರಿಗೂ ಆಗುವಂಥದ್ದಲ್ಲ ಎಂದು ಬಲ್ಲೆ. ಅದಕ್ಕೇ ಕೊನೆಯದಾಗಿ ಈ ಮಾತು.

ಸಿಗ್ನಲ್ ಇಲ್ಲದ 24,680 ಹಳ್ಳಿಗಳಿಗೆ 4ಜಿ ಕೊಡಲು ಕೇಂದ್ರ ಸಂಪುಟ 2022ರ ಜುಲೈಯಲ್ಲಿ 26,316 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿತು. ಸಂತೋಷ. ಆದರೆ ಲೆಕ್ಕ ಇರುವುದು ಹಳ್ಳಿಯದು. ನಮ್ಮ ಹಳ್ಳಿ ಎಂದರೆ ಒಂದು ಬೀದಿಯ ಎರಡು ಬದಿಯ ಮನೆಗಳಲ್ಲ. ಗುಡ್ಡೆಗೊಂದು, ಕಣಿವೆಗೊಂದು ಮನೆ. ಪೇಟೆಯ ಕಟ್ಟೆಯಲ್ಲಿ ಸಿಗ್ನಲ್ ಬಂದರೆ ಹಳ್ಳಿಗೇ ಬಂತೆಂದು ಬರೆದರೆ, ತೋಡಿನ ಬದಿಯವನು ಲೆಕ್ಕದಿಂದ ಹೊರಗೆ. ಲೆಕ್ಕ ಮನೆಯದಾಗಬೇಕು, ತೋಟದ್ದಾಗಬೇಕು. ಗ್ರಾಮಸಭೆಯಲ್ಲಿ ನಾವು ಎದ್ದು ನಿಂತು ಎಲ್ಲೆಲ್ಲಿ ಸಿಗ್ನಲ್ ಇಲ್ಲ ಎಂದು ಮನೆವಾರು ಬರೆಸಬೇಕು.

ಇನ್ನೊಂದು, ಪರವಾನಗಿ ಬೇಡದ ಸಾಧನಗಳ ಪಟ್ಟಿ ಕನ್ನಡದಲ್ಲಿ ಪಂಚಾಯತು ಕಚೇರಿಯ ಗೋಡೆಯಲ್ಲಿ ಇರಬೇಕು. ಯಾವುದು ಸರಿ ಎಂದು ಹೇಳದೆ ತಪ್ಪಿಗೆ ಮಾತ್ರ ಶಿಕ್ಷೆ ಎಂದರೆ ಅದು ನ್ಯಾಯವಲ್ಲ.

ಕದ್ದು ಕಾರ್ಡ್‌ಲೆಸ್ ಇಟ್ಟುಕೊಂಡಷ್ಟು ಕಾಲ ನಾವು ಈ ಮಾತನ್ನು ಗಟ್ಟಿಯಾಗಿ ಕೇಳಲಿಲ್ಲ. ಕೇಳುವ ಬಾಯಿಯನ್ನು ನಾವೇ ಮುಚ್ಚಿಕೊಂಡಿದ್ದೆವು. ಆ ನಾಲ್ಕು ವರ್ಷದಲ್ಲಿ ನನಗಾದ ದೊಡ್ಡ ನಷ್ಟ ಸುಟ್ಟ ಸೆಟ್ಟಲ್ಲ, ಇದು.

ಅಕ್ಕನ ಮಗ ಬರುವ ಆದಿತ್ಯವಾರ ಬರುತ್ತೇನೆಂದಿದ್ದಾನೆ. ಬಂಡೆಯವರೆಗೆ ಹತ್ತಿಸಿ ಪೆಟ್ಟಿಗೆ ತೋರಿಸುತ್ತೇನೆ. ಆಸಕ್ತಿ ಇರುವವರು ನೀವೂ ಬನ್ನಿ. ಹತ್ತುವುದು ಸ್ವಲ್ಪ ಕಷ್ಟ, ಮಜ್ಜಿಗೆ ಉಂಟು.