ಮೊದಲು ಹೆದರಿಸು, ಆಮೇಲೆ ಬಿಲ್ ಹರಿ

2014ರ ಏಪ್ರಿಲ್‌ನಲ್ಲಿ ಗೂಗಲ್‌ನ ಪ್ಲೇ ಸ್ಟೋರಿನಲ್ಲಿ ‘ವೈರಸ್ ಶೀಲ್ಡ್’ ಎಂಬ ಆ್ಯಪ್ ಮಿಂಚಿತು. ಬೆಲೆ 3.99 ಡಾಲರ್. ಕೆಲವೇ ದಿನಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನ ದುಡ್ಡು ಕೊಟ್ಟು ಇಳಿಸಿಕೊಂಡರು, ಐದಕ್ಕೆ 4.7 ನಕ್ಷತ್ರವೂ ಬಿತ್ತು. ಆಂಡ್ರಾಯ್ಡ್ ಪೊಲೀಸ್ ಎಂಬ ಸುದ್ದಿತಾಣದವರು ಅದರ ಕೋಡ್ ಬಿಚ್ಚಿ ನೋಡಿದರೆ ಒಳಗಿದ್ದದ್ದು ಇಷ್ಟೇ: ಗುರಾಣಿಯ ಚಿತ್ರ, ಅದರ ಮೇಲೊಂದು ಇಂಟು ಗುರುತು. ಬೆರಳಿಟ್ಟರೆ ಇಂಟು ಹೋಗಿ ರೈಟು ಬರುತ್ತದೆ. ಸ್ಕ್ಯಾನೂ ಇಲ್ಲ, ಹುಡುಕಾಟವೂ ಇಲ್ಲ. ಗೂಗಲ್ ಆ ಆ್ಯಪನ್ನು ಕಿತ್ತುಹಾಕಿತು, ಕೊಂಡವರಿಗೆ ಹಣ ವಾಪಸ್ ಕೊಟ್ಟು ಮೇಲೆ ಐದು ಡಾಲರ್ ಸೇರಿಸಿತು.

ಕೇಳಿದರೆ ನಗು ಬರುತ್ತದೆ. ಆದರೆ ಆ ಹತ್ತು ಸಾವಿರ ಜನ ದಡ್ಡರೇನಲ್ಲ. ಅವರಿಗೆ ಬೇಕಿದ್ದದ್ದು ಆ ರೈಟು ಮಾರ್ಕೇ. ಮನೆಗೆ ಯಾರೋ ಮಾಟ ಮಾಡಿಸಿದ್ದಾರೆ ಎಂದು ಹೆದರಿಸಿ ತಾಯಿತ ಕಟ್ಟುವವನ ಕಸುಬೂ ಹೀಗೇ ಅಲ್ಲವೆ? ಕಾಯಿಲೆಯೂ ಕಾಣುವುದಿಲ್ಲ, ಔಷಧಿಯೂ ಕಾಣುವುದಿಲ್ಲ, ಕಣ್ಣಿಗೆ ಕಾಣುವುದು ದಕ್ಷಿಣೆ ಮಾತ್ರ.

ತಿಪಟೂರಿನ ಒಂದು ಮನೆ, ಸಂಜೆ ಏಳರ ಹೊತ್ತು. ನಿವೃತ್ತ ಶಿಕ್ಷಕಿಯೊಬ್ಬರು ಫೋನಿನಲ್ಲಿ ದೇವರನಾಮದ ಸಾಹಿತ್ಯ ಹುಡುಕುತ್ತಿದ್ದಾರೆ. ಯಾವುದೋ ಕೊಂಡಿ ಒತ್ತಿದ್ದೇ ತಡ, ಪರದೆಯೆಲ್ಲ ಕೆಂಪಾಯಿತು. ಫೋನು ಗರ್ರೆಂದು ನಡುಗಿತು. ಫೋನಿನ ಮಾಡೆಲ್ ಹೆಸರನ್ನೇ ಬರೆದು, ಅದರಲ್ಲಿ ನಾಲ್ಕು ವೈರಸ್ ಇವೆ, ಎರಡು ನಿಮಿಷದೊಳಗೆ ತೆಗೆಯದಿದ್ದರೆ ಸಿಮ್ ಕೆಡುತ್ತದೆ, ಫೋಟೊಗಳೆಲ್ಲ ಅಳಿಸಿಹೋಗುತ್ತವೆ ಎಂಬ ಒಕ್ಕಣೆ. ಕೆಳಗೆ ಹಸಿರು ಬಟನ್. ಮೇಲೆ ಸೆಕೆಂಡುಗಳು ಇಳಿಯುತ್ತಿವೆ.

‘ಲೋ, ಬೇಗ ಬಾರೋ, ಏನಾಯ್ತೋ ನೋಡು ಇದಕ್ಕೆ. ನನ್ನ ಫೋನಿನ ಹೆಸರು ಅದಕ್ಕೆ ಹೇಗೆ ಗೊತ್ತು?’

‘ಏನೂ ಆಗಿಲ್ಲ ಅತ್ತೆ, ಕೊಡಿ ಇಲ್ಲಿ’ ಎಂದ ಅಣ್ಣನ ಮಗ ಬ್ರೌಸರಿನ ಆ ಟ್ಯಾಬನ್ನು ಮುಚ್ಚಿದ. ಕೆಂಪೂ ಹೋಯಿತು, ನಡುಕವೂ ನಿಂತಿತು. ನಾಲ್ಕು ವೈರಸ್‌ಗಳ ಗತಿ ಏನಾಯಿತು ಎಂದು ಯಾರೂ ಕೇಳಲಿಲ್ಲ.

ಅತ್ತೆಯ ಪ್ರಶ್ನೆ ಮಾತ್ರ ಸರಿಯಾದದ್ದು, ಅದಕ್ಕೆ ಉತ್ತರವೂ ಸರಳ. ಯಾವುದೇ ವೆಬ್ ಪುಟ ತೆರೆದರೂ ಬ್ರೌಸರ್ ತನ್ನ ಪರಿಚಯವನ್ನು ತಾನೇ ಹೇಳಿಕೊಳ್ಳುತ್ತದೆ: ನಾನು ಇಂಥ ಬ್ರೌಸರ್, ಇಂಥ ಆಂಡ್ರಾಯ್ಡ್, ಎಷ್ಟೋ ಸಲ ಇಂಥ ಮಾಡೆಲ್ ಎಂದೂ. ಇಂಟರ್ನೆಟ್ ವಿಳಾಸದಿಂದ ಊರಿನ ಅಂದಾಜು, ಸಿಮ್ ಕಂಪನಿಯ ಹೆಸರು ಸಿಗುತ್ತದೆ. ಫೋನನ್ನು ನಡುಗಿಸುವ ಸವಲತ್ತನ್ನು ಆಟಗಳಿಗೂ ಸೂಚನೆಗಳಿಗೂ ಅನುಕೂಲವಾಗಲೆಂದು ಬ್ರೌಸರ್‌ಗಳೇ ಪುಟಗಳಿಗೆ ಕೊಟ್ಟಿವೆ. ಅಷ್ಟೇ. ಫೋನಿನೊಳಗೆ ಯಾವ ಫೈಲಿದೆ, ಯಾವುದರಲ್ಲಿ ವೈರಸ್ ಇದೆ ಎಂದು ವೆಬ್ ಪುಟಕ್ಕೆ ನೋಡಲಾಗದು. ಬಾಗಿಲಾಚೆ ನಿಂತವನು ನಾಮಫಲಕ ಓದಿ ಹೆಸರು ಕೂಗಬಲ್ಲ. ಒಳಮನೆಯ ಬೀರುವಿನಲ್ಲಿ ಗೆದ್ದಲು ಹಿಡಿದಿದೆ ಎಂದು ಅಲ್ಲಿಂದಲೇ ಹೇಳಿದರೆ ಸುಳ್ಳೇ ಸರಿ. ಇಲ್ಲಿ ‘ಇರಬಹುದೇನೋ’ ಎಂಬ ಅನುಮಾನಕ್ಕೆ ಎಡೆಯೇ ಇಲ್ಲ. ಸುಮ್ಮನೆ ಓದುತ್ತಿದ್ದ ಪುಟ ತಾನಾಗಿ ಎದ್ದು ‘ವೈರಸ್ ಸಿಕ್ಕಿತು’ ಎಂದರೆ ಪ್ರತಿ ಸಲವೂ ಅದು ಸುಳ್ಳು.

ಈ ಸುಳ್ಳಿಗೆ ಹಳೆಯ ಇತಿಹಾಸವಿದೆ. ‘ವಿನ್‌ಫಿಕ್ಸರ್’, ‘ಡ್ರೈವ್‌ಕ್ಲೀನರ್’ ಮುಂತಾದ ಹೆಸರಿನ ಸಾಫ್ಟ್‌ವೇರ್ ಮಾರುತ್ತಿದ್ದ ಇನ್ನೋವೇಟಿವ್ ಮಾರ್ಕೆಟಿಂಗ್ ಎಂಬ ಕಂಪನಿಯ ಮೇಲೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2008ರ ಡಿಸೆಂಬರಿನಲ್ಲಿ ಮೊಕದ್ದಮೆ ಹೂಡಿತು. ಮೋಸಹೋದವರು ಹತ್ತು ಲಕ್ಷಕ್ಕೂ ಹೆಚ್ಚು. ಇವರ ಜಾಹೀರಾತು ಹೆಸರುವಾಸಿ ಸುದ್ದಿತಾಣ, ಕ್ರೀಡಾತಾಣಗಳಲ್ಲೇ ಬರುತ್ತಿತ್ತು. ಮರ್ಯಾದಸ್ಥ ಕಂಪನಿಗಳ ಏಜೆಂಟರೆಂದು ಹೇಳಿಕೊಂಡು ಜಾಗ ಕೊಳ್ಳುತ್ತಿದ್ದರು. ತಾಣದ ಸಿಬ್ಬಂದಿ ಪರೀಕ್ಷಿಸಲು ನೋಡಿದರೆ ಸಾಧು ಜಾಹೀರಾತು. ಉಳಿದ ಓದುಗರಿಗೆ ಅದೇ ಜಾಗದಲ್ಲಿ ವೈರಸ್ ಸ್ಕ್ಯಾನ್ ನಾಟಕ. ಯಾರಿಗೆ ಯಾವುದನ್ನು ತೋರಿಸಬೇಕು ಎಂಬುದು ಕೋಡಿನಲ್ಲೇ ಇತ್ತು. 2012ರಲ್ಲಿ ನ್ಯಾಯಾಲಯ ಈ ಪ್ರಕರಣದಲ್ಲಿ 16.3 ಕೋಟಿ ಡಾಲರ್ ಕಟ್ಟುವಂತೆ ಆದೇಶಿಸಿತು.

2010ರಲ್ಲಿ ಮಿನಿಯಾಪೊಲಿಸ್‌ನ ಸ್ಟಾರ್ ಟ್ರಿಬ್ಯೂನ್ ಪತ್ರಿಕೆಗೂ ಇದೇ ಆಯಿತು. ಹೋಟೆಲ್ ಕಂಪನಿಯೊಂದರ ಜಾಹೀರಾತು ಎಂದು ನಂಬಿ ಪತ್ರಿಕೆ ತನ್ನ ಜಾಲತಾಣದಲ್ಲಿ ಜಾಗ ಕೊಟ್ಟಿತು. ಪತ್ರಿಕೆ ಓದಲು ಬಂದವರ ಕಂಪ್ಯೂಟರ್‌ಗಳು ಸ್ತಬ್ಧವಾದವು, ಬಿಡಿಸಿಕೊಳ್ಳಬೇಕೆಂದರೆ 49.95 ಡಾಲರಿನ ‘ಆಂಟಿವೈರಸ್’ ಕೊಳ್ಳಿ ಎಂಬ ಸಂದೇಶ ಬಂತು. ಅದರ ಹಿಂದಿದ್ದ ಲಾಟ್ವಿಯಾದ ಪೀಟರಿಸ್ ಸಾಹುರೋವ್ಸ್ ತಪ್ಪೊಪ್ಪಿಕೊಂಡದ್ದು 2018ರಲ್ಲಿ. ‘ಒಳ್ಳೆಯ ತಾಣಕ್ಕಷ್ಟೇ ಹೋಗಿ, ಏನೂ ಆಗುವುದಿಲ್ಲ’ ಎಂಬ ಬುದ್ಧಿಮಾತು ಎಷ್ಟು ಟೊಳ್ಳು ಎಂಬುದಕ್ಕೆ ಇಷ್ಟು ಸಾಕು. ತಾಣ ಒಳ್ಳೆಯದೇ ಇರಬಹುದು, ಅದು ಬಾಡಿಗೆಗೆ ಕೊಟ್ಟ ಗೋಡೆಯ ಮೇಲೆ ಏನು ಅಂಟಿಸಿದ್ದಾರೆ ಎಂದು ಅದಕ್ಕೇ ತಿಳಿದಿರುವುದಿಲ್ಲ.

ಈ ದಂಧೆಯ ಒಂದು ಕೊಂಡಿ ನಮ್ಮ ದೇಶದಲ್ಲೂ ಇದೆ, ಅದನ್ನು ಮುಚ್ಚಿಟ್ಟು ಫಲವಿಲ್ಲ. ಅಮೆರಿಕದ ಅಜ್ಜಿಯ ಕಂಪ್ಯೂಟರಿನಲ್ಲಿ ನೀಲಿ ಪರದೆ ಮೂಡಿ, ಮೈಕ್ರೊಸಾಫ್ಟ್‌ಗೆ ಕರೆಮಾಡಿ ಎಂದು ನಂಬರ್ ಬಂದರೆ, ಆಕೆ ಒತ್ತುವ ಆ ನಂಬರ್ ರಿಂಗಾಗುತ್ತಿದ್ದದ್ದು ಎಷ್ಟೋ ಸಲ ನೊಯ್ಡಾ, ಗುರುಗ್ರಾಮದ ಕಾಲ್ ಸೆಂಟರುಗಳಲ್ಲಿ. 2018ರ ನವೆಂಬರಿನಲ್ಲಿ ಆ ಎರಡು ಊರುಗಳ ಪೊಲೀಸರು ಇಂಥ 16 ಕೇಂದ್ರಗಳ ಮೇಲೆ ದಾಳಿ ಮಾಡಿದರು. ಇಲ್ಲಿನ ಹುಡುಗರ ಒಂದು ಕೈಚಳಕ ನೋಡಬೇಕು. ವಿಂಡೋಸ್‌ನಲ್ಲಿ ಇವೆಂಟ್ ವ್ಯೂವರ್ ಎಂಬ ಸಲಕರಣೆಯಿದೆ. ಪ್ರಿಂಟರ್ ಸಿಗಲಿಲ್ಲ, ಗಡಿಯಾರ ಹೊಂದಲಿಲ್ಲ ಎಂಬಂಥ ಚಿಲ್ಲರೆ ವಿಷಯಗಳನ್ನೆಲ್ಲ ಅದು ಕೆಂಪು, ಹಳದಿ ಗುರುತು ಹಾಕಿ ಪಟ್ಟಿಮಾಡಿ ತೋರಿಸುತ್ತದೆ. ಚೆನ್ನಾಗಿರುವ ಕಂಪ್ಯೂಟರಿನಲ್ಲೂ ಅಂಥವು ನೂರಾರು. ಆ ಪಟ್ಟಿಯನ್ನು ತೆರೆಸಿ, ‘ನೋಡಿ ಮೇಡಂ, ಇವೆಲ್ಲ ವೈರಸ್’ ಎನ್ನುವುದು. ನೀಲಿ ಪರದೆಯ ಗುಟ್ಟನ್ನು ಮೈಕ್ರೊಸಾಫ್ಟ್ ಎಂದೋ ಬಿಟ್ಟುಕೊಟ್ಟಿದೆ: ತನ್ನ ಎಚ್ಚರಿಕೆಗಳಲ್ಲಿ ಎಂದೂ ಫೋನ್ ನಂಬರ್ ಇರುವುದಿಲ್ಲ ಎಂದು. ನಂಬರ್ ಕಂಡರೆ ಅದು ನಕಲಿ, ಇನ್ನೇನೂ ಓದಬೇಕಿಲ್ಲ.

ಇಷ್ಟು ಕಳ್ಳರ ಮಾತಾಯಿತು. ಕಳ್ಳರನ್ನು ಬಯ್ಯುವುದು ಸುಲಭ. ನಕಲಿ ಎಚ್ಚರಿಕೆಗೆ ಜನ ಬೀಳುವುದಕ್ಕೆ ಅಜ್ಞಾನಕ್ಕಿಂತ ದೊಡ್ಡ ಕಾರಣ ಬೇರೆ ಇದೆ: ಅಸಲಿ ಅಂಗಡಿಗಳೂ ಅದೇ ದನಿಯಲ್ಲಿ ಕೂಗುತ್ತವೆ.

ಆಫೀಸ್ ಡಿಪೊ ಅಮೆರಿಕದ ದೊಡ್ಡ ಅಂಗಡಿ ಸರಣಿ. ಅಲ್ಲಿ ಕಂಪ್ಯೂಟರಿಗೆ ಉಚಿತ ‘ಆರೋಗ್ಯ ತಪಾಸಣೆ’ ಇತ್ತು. ತಪಾಸಣೆಗೆ ಮೊದಲು ನಾಲ್ಕು ಚೌಕಗಳು: ಕಂಪ್ಯೂಟರ್ ನಿಧಾನವೇ, ಪಾಪ್-ಅಪ್ ಬರುತ್ತವೆಯೇ, ಹೀಗೆ. ಯಾವುದಾದರೊಂದಕ್ಕೆ ಟಿಕ್ ಹಾಕಿದರೆ ಸಾಕು, ಸ್ಕ್ಯಾನ್‌ನಲ್ಲಿ ಏನೇ ಬರಲಿ, ಬರದಿರಲಿ, ಕೊನೆಗೆ ವೈರಸ್ ಲಕ್ಷಣವಿದೆ ಎಂಬ ವರದಿ ಬರುತ್ತಿತ್ತು. ರಿಪೇರಿಗೆ ಮುನ್ನೂರು ಡಾಲರ್‌ವರೆಗೂ ಬಿಲ್. ಸಿಯಾಟಲ್‌ನ ಟಿವಿ ವಾಹಿನಿಯವರು ಡಬ್ಬಿಯಿಂದ ಆಗತಾನೆ ತೆಗೆದ ಹೊಸ ಕಂಪ್ಯೂಟರುಗಳನ್ನು ಒಯ್ದರೆ ಅವುಗಳಿಗೂ ಕಾಯಿಲೆ ಹಚ್ಚಿದರು. 2019ರಲ್ಲಿ ಆಫೀಸ್ ಡಿಪೊ ಮತ್ತು ಆ ಸಾಫ್ಟ್‌ವೇರ್ ಮಾಡಿಕೊಟ್ಟ ಸಪೋರ್ಟ್ ಡಾಟ್ ಕಾಮ್ ಸೇರಿ 3.5 ಕೋಟಿ ಡಾಲರ್ ಕಟ್ಟಲು ಒಪ್ಪಿದವು. ಸೈಪ್ರಸ್‌ನ ರೆಸ್ಟೊರೊ ಮತ್ತು ರೀಇಮೇಜ್ ಕಂಪನಿಗಳು 2024ರಲ್ಲಿ 2.6 ಕೋಟಿ ಡಾಲರ್ ತೆತ್ತವು; ವಿಂಡೋಸ್‌ನದೇ ಎಚ್ಚರಿಕೆ ಎನ್ನುವಂಥ ಪಾಪ್-ಅಪ್ ತೋರಿಸಿ, ನೆಟ್ಟಗಿದ್ದ ಕಂಪ್ಯೂಟರಿನಲ್ಲೂ ನೂರಾರು ‘ತೊಂದರೆ’ ಎಣಿಸುತ್ತಿದ್ದವು ಎಂಬುದು ಆರೋಪ.

ಫೋನಿನ ಲೋಕ ಇದಕ್ಕಿಂತ ಮೇಲೇನಲ್ಲ. ಎವಿ-ಕಂಪ್ಯಾರೆಟಿವ್ಸ್ ಎಂಬ ಆಸ್ಟ್ರಿಯಾದ ಸಂಸ್ಥೆ 2019ರಲ್ಲಿ ಆಂಡ್ರಾಯ್ಡಿನ 250 ಆಂಟಿವೈರಸ್ ಆ್ಯಪ್‌ಗಳ ಎದುರು ಎರಡು ಸಾವಿರ ಕೆಟ್ಟ ಆ್ಯಪ್‌ಗಳನ್ನು ಇಟ್ಟಿತು. ನೂರಕ್ಕೆ 30ಕ್ಕಿಂತ ಹೆಚ್ಚನ್ನು ಹಿಡಿದು, ಒಳ್ಳೆಯದನ್ನು ಕೆಟ್ಟದ್ದೆನ್ನದೆ ಪಾಸಾದವು ಎಂಬತ್ತು ಮಾತ್ರ. ಕೆಲವು ಆ್ಯಪ್‌ಗಳು ಕೆಲಸ ಮಾಡುತ್ತಿದ್ದ ರೀತಿ ಇನ್ನೂ ತಮಾಷೆ: ಒಂದಷ್ಟು ಪರಿಚಿತ ಹೆಸರುಗಳ ಪಟ್ಟಿ ಇಟ್ಟುಕೊಂಡು, ಅದರಲ್ಲಿ ಇಲ್ಲದ್ದೆಲ್ಲ ಅಪಾಯ ಎನ್ನುವುದು. ಪಟ್ಟಿ ಮಾಡಿದವರು ತಮ್ಮ ಹೆಸರನ್ನೇ ಸೇರಿಸಲು ಮರೆತಿದ್ದರಿಂದ ಕೆಲವು ಆ್ಯಪ್‌ಗಳು ತಮ್ಮನ್ನೇ ವೈರಸ್ ಎಂದು ಹಿಡಿದುಕೊಟ್ಟವು. (ಇಡೀ ಪರೀಕ್ಷೆಯಲ್ಲಿ ಅವು ನುಡಿದ ಒಂದೇ ಸತ್ಯ ಅದು ಎನ್ನಬಹುದೇನೋ.)

ಭಾರತದಲ್ಲಿ ಇದಕ್ಕೊಂದು ನಿಯಮವಿದೆ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿ ಗ್ರಾಹಕರನ್ನು ದಾರಿತಪ್ಪಿಸುವ ಹದಿಮೂರು ತಂತ್ರಗಳನ್ನು ಹೆಸರಿಸುತ್ತದೆ. ವೈರಸ್ ಇದೆ ಎಂದು ನಂಬಿಸಿ ನಕಲಿ ಪರಿಹಾರ ಮಾರುವುದೂ ಅದರಲ್ಲಿ ಸೇರಿದೆ. ಅದೇ ಪಟ್ಟಿಯಲ್ಲಿ ಸುಳ್ಳು ಅವಸರ ಹುಟ್ಟಿಸುವುದೂ ಇದೆ, ಬೇಡವೆಂದರೂ ಬಿಡದೆ ಪೀಡಿಸುವುದೂ ಇದೆ. ಈ ಎರಡರ ಬಿಸಿ ಊರು ತಿಳಿಯದ ಕಳ್ಳನಿಗಿಂತ, ವಿಳಾಸವಿರುವ ಕಂಪನಿಗೆ ಮೊದಲು ತಟ್ಟಬೇಕು. ಹೊಸ ಫೋನಿನಲ್ಲಿ ತಾನಾಗೇ ಬಂದು ಕುಳಿತ ‘ಕ್ಲೀನರ್’ ದಿನಕ್ಕೆ ಮೂರು ಸಲ ಕೆಂಪು ಅಂಕಿ ತೋರಿಸಿ ‘ಕಸ ತುಂಬಿದೆ’ ಎನ್ನುವುದೇಕೆ? ಅದನ್ನು ಒತ್ತಿದರೆ ಮೊದಲು ಕಾಣುವುದು ಜಾಹೀರಾತು ಏಕೆ? ಅವಧಿ ಮುಗಿದ ಆಂಟಿವೈರಸ್ ‘ನಿಮಗೆ ರಕ್ಷಣೆ ಇಲ್ಲ’ ಎಂದು ಪರದೆಯ ಮೂಲೆಯಲ್ಲಿ ದಿನವೂ ಅರಚುವುದೇಕೆ? ಈ ಕೂಗಿಗೆ ಒಗ್ಗಿದ ಕಿವಿಗೆ ನಕಲಿ ಕೂಗು ಬೇರೆ ಎಂದು ಅನ್ನಿಸುವುದಾದರೂ ಹೇಗೆ? ದೂರು ಕೊಡಲು 1915 ಎಂಬ ಗ್ರಾಹಕ ಸಹಾಯವಾಣಿ ಇದೆ. ಫೋನಿನ ಕಾಟಕ್ಕೂ ಅಲ್ಲಿಗೆ ದೂರಬಹುದು ಎಂದು ಹೊಳೆಯುವುದು ಎಷ್ಟು ಜನಕ್ಕೆ?

ತಿಪಟೂರಿನ ಮನೆಗೆ ಮರಳಿದರೆ, ಟ್ಯಾಬ್ ಮುಚ್ಚಿದ ಮೇಲೂ ಅತ್ತೆಯ ಕಾಟ ತಪ್ಪಲಿಲ್ಲ. ರಾತ್ರಿ ಹತ್ತಕ್ಕೆ, ಬೆಳಿಗ್ಗೆ ಆರಕ್ಕೆ, ಬ್ರೌಸರ್ ಮುಚ್ಚಿದ್ದರೂ ‘ಫೋನಿಗೆ ಸೋಂಕು’ ಎಂಬ ಸಂದೇಶ ಬರತೊಡಗಿತು. ಆಕೆ ಹಿಂದೆಂದೋ ಯಾವುದೋ ತಾಣದಲ್ಲಿ ‘ನೀವು ರೋಬಾಟ್ ಅಲ್ಲ ಎಂದು ತೋರಿಸಲು ಅಲೌ ಒತ್ತಿ’ ಎಂದದ್ದಕ್ಕೆ ಒತ್ತಿದ್ದರು. ಅದು ರೋಬಾಟ್ ಪರೀಕ್ಷೆಯಲ್ಲ, ನೋಟಿಫಿಕೇಶನ್ ಕಳಿಸಲು ಕೇಳಿದ ಅಪ್ಪಣೆ. ಅಣ್ಣನ ಮಗ ಕ್ರೋಮ್‌ನ ಸೆಟ್ಟಿಂಗ್ಸ್ ತೆರೆದು, ಸೈಟ್ ಸೆಟ್ಟಿಂಗ್ಸ್‌ನಲ್ಲಿ ನೋಟಿಫಿಕೇಶನ್ ಪಟ್ಟಿ ನೋಡಿದ. ಗುರುತು ಪರಿಚಯವಿಲ್ಲದ ಹನ್ನೊಂದು ತಾಣಗಳು. ಒಂದೊಂದನ್ನೂ ಬ್ಲಾಕ್ ಮಾಡಿದ. ವೈರಸ್ ಎಂಬ ಕಾಟ ಎಷ್ಟೋ ಸಲ ಮುಗಿಯುವುದು ಇಲ್ಲೇ. ಐಫೋನಿನಲ್ಲಾದರೆ ಇಂಥದ್ದು ಕ್ಯಾಲೆಂಡರಿನೊಳಗೆ ನುಸುಳುತ್ತದೆ. ಅಪರಿಚಿತ ಕ್ಯಾಲೆಂಡರಿನ ಚಂದಾ ತೆಗೆದರೆ ಆಯಿತು.

ಉಳಿದದ್ದು ಸ್ವಲ್ಪ ಹಟಮಾರಿ. ಯಾವ ಆ್ಯಪೂ ತೆರೆಯದೆ ಹೋಂ ಸ್ಕ್ರೀನಿನ ಮೇಲೆಯೇ ಜಾಹೀರಾತು ಬಂದರೆ ಒಳಗೆ ಯಾವುದೋ ಆ್ಯಪ್ ಕೂತಿದೆ ಎಂದೇ ಅರ್ಥ. ಇಂಥವು ತಮ್ಮ ಐಕಾನ್ ಅಡಗಿಸಿಕೊಳ್ಳುವುದರಿಂದ ಪರದೆಯಲ್ಲಿ ಹುಡುಕಿ ಪ್ರಯೋಜನವಿಲ್ಲ. ಸೆಟ್ಟಿಂಗ್ಸ್‌ನ ಆ್ಯಪ್ ಪಟ್ಟಿಯಲ್ಲೇ ನೋಡಬೇಕು. ಅತ್ತೆಯ ಫೋನಿನಲ್ಲೂ ಅಂಥದ್ದೊಂದು ಸಿಕ್ಕಿತು, ಟಾರ್ಚ್ ಆ್ಯಪಿನ ರೂಪದಲ್ಲಿ. ಫೋನಿನಲ್ಲೇ ಟಾರ್ಚ್ ಇರುವಾಗ ಅದೇಕೆ ಬೇಕಿತ್ತೋ. ಅನ್‌ಇನ್‌ಸ್ಟಾಲ್ ಬಟನ್ ಮಂಕಾಗಿ, ಒತ್ತಲು ಬರುತ್ತಿರಲಿಲ್ಲ. ಡಿವೈಸ್ ಅಡ್ಮಿನ್ ಎಂಬ ಅಧಿಕಾರವನ್ನು ಅದು ಮೊದಲೇ ಕೇಳಿ ಪಡೆದಿತ್ತು. ಆ ಅಧಿಕಾರ ಕಿತ್ತ ಮೇಲೆ ಬಟನ್ ಜೀವ ತಳೆಯಿತು. ಅದಕ್ಕೂ ಜಗ್ಗದಿದ್ದರೆ ಸೇಫ್ ಮೋಡ್ ಇದೆ: ಬಹಳಷ್ಟು ಆಂಡ್ರಾಯ್ಡ್ ಫೋನುಗಳಲ್ಲಿ ಪರದೆಯ ಮೇಲಿನ ಪವರ್ ಆಫ್ ಬಟನನ್ನು ಒತ್ತಿ ಹಿಡಿದರೆ ಅದು ಬರುತ್ತದೆ, ಆಗ ಹೊರಗಿನ ಆ್ಯಪ್‌ಗಳೆಲ್ಲ ನಿದ್ದೆಯಲ್ಲಿರುತ್ತವೆ, ತೆಗೆದುಹಾಕುವುದು ಸುಲಭ. ಕಡೆಗೆ ಪ್ಲೇ ಸ್ಟೋರಿನ ಪ್ಲೇ ಪ್ರೊಟೆಕ್ಟ್‌ನಲ್ಲಿ ಒಂದು ಸ್ಕ್ಯಾನ್. ಮೊಬೈಲ್ ಅಂಗಡಿಯಲ್ಲಿ ದುಡ್ಡು ತೆತ್ತು ‘ಫಾರ್ಮ್ಯಾಟ್ ಹೊಡೆಸುವ’ ಪ್ರಮೇಯ ಬಹುಮಟ್ಟಿಗೆ ಬರುವುದೇ ಇಲ್ಲ. ದುಡ್ಡು ಹೋಗಿದ್ದರೆ, ಇಲ್ಲವೇ ಕರೆ ಮಾಡಿದವನು ಹೇಳಿದನೆಂದು ಎನಿಡೆಸ್ಕ್‌ನಂಥ ಪರದೆ ಹಂಚುವ ಆ್ಯಪ್ ಹಾಕಿಕೊಂಡಿದ್ದರೆ ಮಾತು ಬೇರೆ. ಆಗ ಮೊದಲು ನೆಟ್ ಆರಿಸಿ, ಬ್ಯಾಂಕಿಗೂ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಕರೆಮಾಡಬೇಕು, ಅದೂ ಆ ಗಳಿಗೆಯಲ್ಲೇ.

ಅಂದು ರಾತ್ರಿ ಹತ್ತಕ್ಕೆ ಅತ್ತೆಯ ಫೋನು ಸುಮ್ಮನಿತ್ತು. ಬೆಳಿಗ್ಗೆ ಎದ್ದು ನೋಡಿದರೆ ಎರಡೇ ಸಂದೇಶ. ಒಂದು, ಗ್ಯಾಸ್ ಸಿಲಿಂಡರ್ ಇವತ್ತು ಬರುತ್ತದೆ ಎಂದು. ಇನ್ನೊಂದು ಫೋನ್ ಕಂಪನಿಯದೇ ಆ್ಯಪಿನದು, ತೆಗೆಯಲು ಬಾರದಂಥದ್ದು: ‘ನಿಮ್ಮ ಫೋನ್ ಅಪಾಯದಲ್ಲಿರಬಹುದು. ಈಗಲೇ ಸ್ವಚ್ಛಗೊಳಿಸಿ.’