ನೇಗಿಲ ಸಾಲಿನ ನಂಜು

ಕೇಡನ್ನು ವಿಷವೆಂದು ಕರೆಯುವುದು ಕವಿಗಳ ಹಳೆಯ ರೂಢಿ. ಆದರೆ ಆ ವಿಷ ಎಲ್ಲಿಂದ ಬಂದಿತೆಂಬುದರ ಮೇಲೆ ರೂಪಕದ ಸತ್ವವೆಲ್ಲ ನಿಂತಿದೆ. ಹೀಬ್ರೂ ಧರ್ಮಗ್ರಂಥವನ್ನು ಓದುವಾಗ ಈ ವಿಚಾರ ನನ್ನನ್ನು ಬಹುವಾಗಿ ಕಾಡಿದೆ.

ಆ ಗ್ರಂಥದ ಕೇಡೆಂದೊಡನೆ ನಮಗೆ ನೆನಪಾಗುವುದು ಏದೆನ್ ತೋಟದ ಸರ್ಪ. ಸೋಜಿಗವೆಂದರೆ, ಆದಿಕಾಂಡದ ಆ ಕಥೆಯಲ್ಲಿ ವಿಷದ ಪ್ರಸ್ತಾಪವೇ ಇಲ್ಲ. ಸರ್ಪ ಅಲ್ಲಿ ಕಚ್ಚಿ ಕೊಲ್ಲುವುದಿಲ್ಲ; ಮಾತನಾಡಿ ಕೆಡಿಸುತ್ತದೆ. ವಿಷ ಕಾಣಿಸಿಕೊಳ್ಳುವುದು ಮನುಷ್ಯರ ಬಾಯಲ್ಲಿ. ೧೪೦ನೆಯ ಕೀರ್ತನೆಯಲ್ಲಿ ದುರ್ಜನರ ತುಟಿಗಳ ಕೆಳಗೆ ಹಾವಿನ ನಂಜು ಅಡಗಿದೆ. ೫೮ನೆಯದರಲ್ಲಿ ಅವರು ಹಾವಾಡಿಗನ ದನಿ ಕೇಳಿಸದಂತೆ ಕಿವಿ ಮುಚ್ಚಿಕೊಂಡ ಸರ್ಪದಂತಿದ್ದಾರೆ. ಎರಡೆಡೆಯೂ ಬಳಸಿರುವ 'ಹೇಮಾ' ಎಂಬ ಶಬ್ದಕ್ಕೆ ವಿಷವೆಂದೂ ಕ್ರೋಧವೆಂದೂ ಅರ್ಥವುಂಟು. ನಮ್ಮ 'ನಂಜು' ಮನಸ್ಸಿನ ಹಗೆಯನ್ನೂ ಸೂಚಿಸುವುದನ್ನು ಬಲ್ಲವರಿಗೆ ಇದು ಅಪರಿಚಿತವಲ್ಲ.

ಆದರೆ ಹಾವಿನ ರೂಪಕಕ್ಕೆ ಒಂದು ದೋಷವಿದೆ: ಅದು ಸದಾ ಎದುರಿನವನನ್ನೇ ತೋರಿಸುತ್ತದೆ. ಯೋಬನ ಗ್ರಂಥದಲ್ಲಿ ಚೋಫರನು, ಬಾಯಿಗೆ ಸಿಹಿಯಾದ ಪಾಪ ಹೊಟ್ಟೆಯಲ್ಲಿ ಸರ್ಪವಿಷವಾಗುವುದೆಂದು ಸೊಗಸಾಗಿ ನುಡಿಯುತ್ತಾನೆ. ನುಡಿದದ್ದು ಯಾರಿಗೆ? ಮಕ್ಕಳನ್ನೂ ಆರೋಗ್ಯವನ್ನೂ ಕಳೆದುಕೊಂಡು ಬೂದಿಯಲ್ಲಿ ಕುಳಿತ ನಿರಪರಾಧಿಗೆ! ಕೊನೆಯಲ್ಲಿ ದೇವರ ಕೋಪಕ್ಕೆ ಗುರಿಯಾದವರು ಯೋಬನ ಈ ಗೆಳೆಯರೇ. ರೂಪಕ ಸತ್ಯವಾಗಿದ್ದೂ ಅದರ ಪ್ರಯೋಗ ವಿಷವಾಯಿತು.

ಇದಕ್ಕಿಂತ ಗಂಭೀರವಾದುದು 'ರೋಶ್' ಎಂಬ ಇನ್ನೊಂದು ಶಬ್ದ. ಸಂಸ್ಕೃತದ ರೋಷಕ್ಕೂ ಇದಕ್ಕೂ ಸಂಬಂಧವಿಲ್ಲ. ಕೆಲವೆಡೆ ಹಾವಿನ ವಿಷಕ್ಕೂ ಸಲ್ಲುವ ಈ ಮಾತು ಹೆಚ್ಚಾಗಿ ಸೂಚಿಸುವುದು ಕಹಿಯಾದ ವಿಷದ ಗಿಡವನ್ನು. ಕ್ರಿಸ್ತಪೂರ್ವ ಎಂಟನೆಯ ಶತಮಾನದಲ್ಲಿ ತೆಕೋವದ ಕುರಿಗಾಹಿ ಆಮೋಸನು ಇಸ್ರಾಯೇಲಿನ ಸಿರಿವಂತರೆದುರು ನಿಂತು, ನೀವು ನ್ಯಾಯವನ್ನೇ ವಿಷವಾಗಿಸಿದಿರೆಂದು ಗದರಿಸಿದನು. ಅದೇ ಶತಮಾನದ ಹೋಶೇಯನಿಗೆ ಕೆಟ್ಟ ತೀರ್ಪು ಹೊಲದ ಸಾಲುಗಳಲ್ಲಿ ಎದ್ದ ನಂಜಿನ ಕಳೆಯಾಗಿ ಕಂಡಿತು.

ನೇಗಿಲ ಸಾಲು ತಾನಾಗಿ ಮೂಡುವುದಿಲ್ಲ, ಉತ್ತವನೊಬ್ಬನಿರುತ್ತಾನೆ. ಹಾವು ಹೊರಗಿನಿಂದ ಬಂದಿತೆನ್ನಬಹುದು, ಕಳೆಯನ್ನು ಹಾಗೆನ್ನುವಂತಿಲ್ಲ. ಅದು ಬೆಳೆದದ್ದು ನಮ್ಮ ನೆಲದಲ್ಲಿ, ನಾವು ನೋಡುತ್ತಿರುವಂತೆಯೇ.

ಒಬ್ಬನನ್ನು ವಿಷಸರ್ಪವೆಂದು ಕರೆದ ಮೇಲೆ ಉಳಿಯುವ ಕೆಲಸ ಕೋಲು ಹುಡುಕುವುದೊಂದೇ. ಇಂದು ಒಂದು ಪಂಗಡ ಮತ್ತೊಂದನ್ನು ಹಾಗೆ ಕರೆಯುವುದು ಎಷ್ಟು ಸುಲಭವಾಗಿದೆಯೆಂಬುದನ್ನು ನಾವೆಲ್ಲ ಬಲ್ಲೆವು. ಕೀರ್ತನಕಾರನ ಹಾವನ್ನೇ ವಿದ್ಯಾರ್ಥಿಗಳಿಗೆ ಬಹುಕಾಲ ಬಣ್ಣಿಸಿದ ನಾನು, ಈಗ ಹೋಶೇಯನ ಕಳೆಯನ್ನು ಮೊದಲು ತೋರಿಸುತ್ತೇನೆ. ಅದಕ್ಕೆ ಕೋಲು ಬೇಡ. ಬಗ್ಗಿ, ನಮ್ಮ ಹೊಲದಲ್ಲಿ ನಾವೇ ಕೀಳಬೇಕು.